ಗೀತದೃಶ್ಯಗಳಲ್ಲಿ ಮಲೆನಾಡು: ಚಿತ್ರಣ ಮತ್ತು ಪಡಿಯಚ್ಚುಗಳ ಪರಿಶೀಲನೆ

೧. ವಿಷಯಪ್ರವೇಶ

ಒಂದು ನಾಡಿನ ಚರಿತ್ರೆಯನ್ನು ಬರೆಯುವವರು ಶಾಸನ, ಕಡತ, ಕೈಫಿಯತ್ತು, ವೃತ್ತಪತ್ರಿಕೆ ಮೊದಲಾದವನ್ನು ಆಧಾರವಾಗಿ ಇಟ್ಟುಕೊಳ್ಳುವುದು ವಾಡಿಕೆ. ಆದರೆ ಆ ನಾಡು ತನ್ನನ್ನು ತಾನು ಹೇಗೆ ಕಲ್ಪಿಸಿಕೊಂಡಿತ್ತು, ಹೊರಗಿನವರು ಅದನ್ನು ಹೇಗೆ ಕಲ್ಪಿಸಿಕೊಂಡಿದ್ದರು ಎಂಬುದನ್ನು ತಿಳಿಯುವುದಕ್ಕೆ ಇಷ್ಟೇ ಆಧಾರಗಳು ಸಾಲವು. ಜನರು ಬಿಡುವಿನ ವೇಳೆಯಲ್ಲಿ ಏನನ್ನು ಕೇಳುತ್ತಿದ್ದರು, ಏನನ್ನು ನೋಡಿ ಸಂತೋಷಪಡುತ್ತಿದ್ದರು ಎಂಬುದೂ ಚರಿತ್ರೆಯ ಸಾಮಗ್ರಿಯೇ ಸರಿ. ಹಿಂದಿನ ಕಾಲಕ್ಕೆ ಲಾವಣಿ, ಯಕ್ಷಗಾನ ಪ್ರಸಂಗ, ಕಂಪನಿ ನಾಟಕಗಳು ಈ ಬಗೆಯ ಸಾಮಗ್ರಿಯನ್ನು ಒದಗಿಸುತ್ತವೆ. ನಮ್ಮ ಕಾಲಕ್ಕೆ ಅದನ್ನು ಒದಗಿಸುವವುಗಳಲ್ಲಿ ಹಾಡಿನ ಜೊತೆಗೆ ತೋರುವ ಚಲಚ್ಚಿತ್ರವೂ ಒಂದು. ಸಂಜೆ ದುರ್ಗಿಗುಡಿಯ ಅಂಗಡಿಬೀದಿಯಲ್ಲಿ ಅಡ್ಡಾಡುವ ವಿದ್ಯಾರ್ಥಿಗಳ ಕೈಯಲ್ಲಿರುವ ಫೋನಿನಲ್ಲಿ ಹೆಚ್ಚಾಗಿ ಓಡುತ್ತಿರುವುದು ಇದೇ. ಹಾಡನ್ನು ಅವರು ಕೇಳುವುದಕ್ಕಿಂತ ನೋಡುವುದೇ ಹೆಚ್ಚು ಎಂದರೆ ಅತಿಶಯೋಕ್ತಿಯಾಗದು.

ಮ್ಯೂಸಿಕ್ ವಿಡಿಯೋ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಈ ಪ್ರಕಾರವನ್ನೂ ನಮ್ಮ ಚಲನಚಿತ್ರಗಳ ಹಾಡಿನ ಭಾಗಗಳನ್ನೂ ಒಟ್ಟಿಗೆ ಸೇರಿಸಿ ಪ್ರಕೃತ ಲೇಖನದಲ್ಲಿ 'ಗೀತದೃಶ್ಯ' ಎಂದು ಕರೆಯಲಾಗಿದೆ. ಹೀಗೆ ಸೇರಿಸುವುದಕ್ಕೆ ಕಾರಣವುಂಟು. ಪಾಶ್ಚಾತ್ಯ ದೇಶಗಳಲ್ಲಿ ಇದು ಹಾಡಿನ ಮುದ್ರಿಕೆಗಳನ್ನು ಮಾರುವ ಸಾಧನವಾಗಿ ಬೆಳೆಯಿತು. ನಮ್ಮಲ್ಲಿಯಾದರೋ ಚಲನಚಿತ್ರದ ಒಡಲಿನಿಂದಲೇ ಹುಟ್ಟಿ, ಕಾಲಾನಂತರದಲ್ಲಿ ಅದರಿಂದ ಬಿಡಿಬಿಡಿಯಾಗಿ ಕತ್ತರಿಸಲ್ಪಟ್ಟು, ಸ್ವತಂತ್ರವಾಗಿ ಸಂಚರಿಸತೊಡಗಿತು.

ಈ ಗೀತದೃಶ್ಯಗಳಲ್ಲಿ ಮಲೆನಾಡು ಹೇಗೆ ಕಾಣಿಸಿಕೊಳ್ಳುತ್ತದೆ? ಅಲ್ಲಿ ಕಾಣುವುದು ಯಾವುದು, ಕಾಣದಿರುವುದು ಯಾವುದು? ಕಾಣದಿರುವುದರಿಂದ ಯಾರಿಗೆ ಏನು ನಷ್ಟ? ಈ ಮೂರು ಪ್ರಶ್ನೆಗಳನ್ನು ಮಾಧ್ಯಮಶಾಸ್ತ್ರದ ಕೆಲವು ತತ್ತ್ವಗಳ ನೆರವಿನಿಂದ ವಿಚಾರಮಾಡುವುದು ಇಲ್ಲಿಯ ಉದ್ದೇಶ.

೨. ಗೀತದೃಶ್ಯವು ಬೆಳೆದು ಬಂದ ಬಗೆ

ಅಮೆರಿಕದಲ್ಲಿ ಹಗಲಿರುಳೂ ಗೀತದೃಶ್ಯಗಳನ್ನೇ ತೋರಿಸುವ ಎಂ.ಟಿ.ವಿ. ಎಂಬ ದೂರದರ್ಶನ ವಾಹಿನಿಯು ೧೯೮೧ರ ಆಗಸ್ಟ್ ೧ರಂದು ಆರಂಭವಾಯಿತು. ನಮ್ಮ ದೇಶದಲ್ಲಿ ಆ ವೇಳೆಗಾಗಲೇ ದೂರದರ್ಶನವು 'ಚಿತ್ರಹಾರ್' ಕಾರ್ಯಕ್ರಮದ ಮೂಲಕ ಹಿಂದೀ ಚಲನಚಿತ್ರಗಳ ಹಾಡುಗಳನ್ನು ಬಿಡಿಯಾಗಿ ತೋರಿಸುತ್ತಿತ್ತು. ಕನ್ನಡಿಗರಿಗೆ ಬೆಂಗಳೂರು ದೂರದರ್ಶನದ 'ಚಿತ್ರಮಂಜರಿ'ಯು ಇದೇ ರೀತಿಯ ರಸಾನುಭವವನ್ನು ಒದಗಿಸಿತು. ೧೯೯೪ರಲ್ಲಿ ಉದಯ ಟಿ.ವಿ. ಬಂದಿತು. ೨೦೦೫ರಲ್ಲಿ ಯೂಟ್ಯೂಬ್ ಹುಟ್ಟಿತು. ೨೦೧೬ರ ಬಳಿಕ ಮೊಬೈಲ್ ಇಂಟರ್‌ನೆಟ್ಟಿನ ವೆಚ್ಚವು ಇಳಿದು, ಹೋಬಳಿಯ ಹಳ್ಳಿಗಳವರೆಗೂ ಗೀತದೃಶ್ಯವು ವ್ಯಾಪಿಸಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಚಿತ್ರಮಂದಿರದಲ್ಲಿ ಹಾಡು ಕಥೆಯ ನಡುವೆ ಬರುತ್ತದೆ. ಅದರ ಹಿಂದೆ ಒಂದು ಕಾರಣ, ಮುಂದೆ ಒಂದು ಪರಿಣಾಮ ಇರುತ್ತವೆ. ಬಿಡಿಯಾಗಿ ಕತ್ತರಿಸಿದ ಹಾಡಿಗೆ ಹಿಂದುಮುಂದಿಲ್ಲ. ನಾಯಕನು ಯಾರು, ಆ ಊರು ಯಾವುದು, ಅಲ್ಲಿಗೆ ಅವನು ಏಕೆ ಬಂದನು ಎಂಬುದೊಂದೂ ತಿಳಿಯದೆ, ಮಳೆ, ಹಸಿರು, ನೀರು, ಹೆಣ್ಣು, ಗಂಡು ಇಷ್ಟು ಮಾತ್ರ ಉಳಿಯುತ್ತವೆ. ನಾಲ್ಕೈದು ನಿಮಿಷಗಳಲ್ಲಿ ಅರ್ಥವಾಗಬೇಕಾದ ಇಂಥ ಕೃತಿಯು ನೋಡುವವರಿಗೆ ಮೊದಲೇ ಪರಿಚಿತವಾದ ಗುರುತುಗಳನ್ನು ಅವಲಂಬಿಸಲೇಬೇಕಾಗುತ್ತದೆ. ಪಡಿಯಚ್ಚುಗಳಿಗೆ ಇಲ್ಲಿ ವಿಶೇಷವಾದ ಅವಕಾಶ ದೊರೆಯುವುದು ಇದರಿಂದಲೇ.

೩. ಪರಿಭಾಷೆಯ ವಿವರಣೆ

'ಪಡಿಯಚ್ಚು' ಎಂಬ ಮಾತನ್ನು ಇಂಗ್ಲಿಷಿನ 'ಸ್ಟೀರಿಯೋಟೈಪ್' ಎಂಬುದಕ್ಕೆ ಸಮಾನವಾಗಿ ಬಳಸಲಾಗಿದೆ. ಮೂಲತಃ ಇದು ಮುದ್ರಣಾಲಯದ ಮಾತು. ಜೋಡಿಸಿದ ಅಚ್ಚುಮೊಳೆಗಳಿಂದ ಒಂದು ಅಚ್ಚನ್ನು ತೆಗೆದು, ಅದರಲ್ಲಿ ಲೋಹವನ್ನು ಎರಕ ಹೊಯ್ದು, ಒಂದೇ ಫಲಕವನ್ನು ಮಾಡಿಕೊಳ್ಳುವುದು ಹಿಂದಿನ ಮುದ್ರಕರ ಕ್ರಮವಾಗಿತ್ತು. ಫಲಕವು ಒಮ್ಮೆ ಸಿದ್ಧವಾದ ಮೇಲೆ ಮೊಳೆಗಳನ್ನು ಮತ್ತೆ ಜೋಡಿಸುವ ಶ್ರಮವಿಲ್ಲ. ಸಾವಿರಾರು ಪ್ರತಿಗಳನ್ನು ತೆಗೆಯಬಹುದು. ಆದರೆ ಅದರಲ್ಲಿ ಒಂದಕ್ಷರವನ್ನು ತಿದ್ದುವುದೂ ಕಷ್ಟ. ಅಮೆರಿಕದ ಪತ್ರಿಕೋದ್ಯಮಿ ವಾಲ್ಟರ್ ಲಿಪ್‌ಮನ್ನನು ೧೯೨೨ರಲ್ಲಿ ಪ್ರಕಟಿಸಿದ, ಸಾರ್ವಜನಿಕ ಅಭಿಪ್ರಾಯವನ್ನು ಕುರಿತ ತನ್ನ ಗ್ರಂಥದಲ್ಲಿ ಈ ಮಾತನ್ನು ಮನಸ್ಸಿನ ವ್ಯಾಪಾರಕ್ಕೆ ಅನ್ವಯಿಸಿದನು. ಲೋಕವು ಬಹು ವಿಸ್ತಾರವಾದದ್ದು, ನಮ್ಮ ಅನುಭವ ಬಹು ಕಿರಿದು. ಆದಕಾರಣ ನಾವು ನೋಡಿದ ಮೇಲೆ ಹೆಸರಿಡುವುದಕ್ಕಿಂತ, ಮೊದಲೇ ಹೆಸರಿಟ್ಟುಕೊಂಡು ಆಮೇಲೆ ನೋಡುವುದೇ ಹೆಚ್ಚು ಎಂಬುದು ಅವನ ವಾದದ ಸಾರ. ಪಡಿಯಚ್ಚು ಸುಳ್ಳೇ ಆಗಿರಬೇಕೆಂಬ ನಿಯಮವಿಲ್ಲ. ಅದರ ದೋಷವು ಸುಳ್ಳಿಗಿಂತ ಹೆಚ್ಚಾಗಿ ಜಡತ್ವದಲ್ಲಿದೆ.

ಎರಡನೆಯದು 'ಚಿತ್ರಣ'. ವಸ್ತುವೊಂದು ಲೋಕದಲ್ಲಿ ಮೊದಲೇ ಅರ್ಥಸಹಿತವಾಗಿ ಇರುತ್ತದೆ, ಮಾಧ್ಯಮವು ಕನ್ನಡಿಯಂತೆ ಅದನ್ನು ಪ್ರತಿಫಲಿಸುತ್ತದೆ ಎಂದು ಸಾಮಾನ್ಯರು ಭಾವಿಸುತ್ತಾರೆ. ಜಮೈಕಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಕೆಲಸಮಾಡಿದ ಸ್ಟುವರ್ಟ್ ಹಾಲ್ ಈ ಭಾವನೆಯನ್ನು ಒಪ್ಪಲಿಲ್ಲ. ಭಾಷೆ, ಬಿಂಬ, ಧ್ವನಿಗಳ ಮೂಲಕವೇ ಅರ್ಥವು ನಿರ್ಮಾಣವಾಗುತ್ತದೆ. ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆಯಲ್ಲಿಯೇ ಅಧಿಕಾರದ ಪ್ರಶ್ನೆಯೂ ಅಡಗಿರುತ್ತದೆ ಎಂದು ಅವರು ಪ್ರತಿಪಾದಿಸಿದರು.

ಮೂರನೆಯದು ಫ್ರಾನ್ಸಿನ ರೋಲಾಂ ಬಾರ್ಥ್ ೧೯೫೭ರಲ್ಲಿ ಪ್ರಕಟಿಸಿದ 'ಮಿಥಾಲಜೀಸ್' ಎಂಬ ಗ್ರಂಥದಲ್ಲಿ ಮಂಡಿಸಿದ 'ಮಿಥ್ಯ'ದ ತತ್ತ್ವ. ಇತಿಹಾಸದಲ್ಲಿ ಮನುಷ್ಯರಿಂದ ಆದದ್ದನ್ನು ಪ್ರಕೃತಿಯಲ್ಲಿ ತಾನಾಗಿಯೇ ಇದ್ದದ್ದು ಎಂಬಂತೆ ತೋರಿಸುವುದೇ ಮಿಥ್ಯದ ಕೆಲಸವೆಂಬುದು ಅವರ ಅಭಿಪ್ರಾಯ. ಚರಿತ್ರೆಯ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ತತ್ತ್ವ ಇನ್ನೊಂದಿಲ್ಲ. ಅದೇ ಗ್ರಂಥದಲ್ಲಿ ಪ್ರವಾಸದ ಕೈಪಿಡಿಯೊಂದನ್ನು ಕುರಿತ ಪ್ರಬಂಧವೂ ಇದೆ. ಆ ಕೈಪಿಡಿಗೆ ಬೆಟ್ಟ ಕಣಿವೆಗಳೂ ಹಳೆಯ ಕಟ್ಟಡಗಳೂ ಕಾಣುತ್ತವೆಯೇ ಹೊರತು ಅಲ್ಲಿ ಬದುಕುವ ಜನ ಕಾಣುವುದಿಲ್ಲ. ಕಂಡರೂ 'ಇಂಥ ಕಡೆಯ ಜನ ಇಂಥ ಸ್ವಭಾವದವರು' ಎಂಬ ನಮೂನೆಗಳಾಗಿ ಕಾಣುತ್ತಾರೆ ಎಂದು ಬಾರ್ಥ್ ಆಕ್ಷೇಪಿಸಿದರು. ಸ್ಪೇನ್ ದೇಶದ ಕೈಪಿಡಿಯನ್ನು ಕುರಿತು ಹೇಳಿದ ಈ ಮಾತು ನಮ್ಮ ಸಹ್ಯಾದ್ರಿಗೂ ಹೇಗೆ ಅನ್ವಯಿಸುತ್ತದೆಂಬುದನ್ನು ಮುಂದೆ ನೋಡೋಣ.

೪. ಜೋಗ: ಇತಿಹಾಸವು ಪ್ರಕೃತಿಯಾದ ಬಗೆ

ಮಲೆನಾಡಿನ ಬಿಂಬಗಳಲ್ಲಿ ಜೋಗಕ್ಕೆ ಅಗ್ರಸ್ಥಾನ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನದ ಅಧ್ಯಾಪಕರಾಗಿದ್ದ ಕವಿ ನಿಸಾರ್ ಅಹಮದ್ ಅವರ 'ನಿತ್ಯೋತ್ಸವ'ವು ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ೧೯೭೮ರಲ್ಲಿ ಧ್ವನಿಸುರುಳಿಯಾಗಿ ಹೊರಬಂದು ಮನೆಮನೆಗೂ ಮುಟ್ಟಿತು. ೧೯೯೨ರ 'ಜೀವನ ಚೈತ್ರ' ಚಿತ್ರದಲ್ಲಿ ರಾಜ್‌ಕುಮಾರ್ ಅವರು ಹಾಡಿದ ಜೋಗದ ಹಾಡು, ಮನುಷ್ಯನಾಗಿ ಹುಟ್ಟಿದವನು ಈ ಜಲಪಾತವನ್ನು ನೋಡಲೇಬೇಕೆಂಬ ಭಾವವನ್ನು ನಾಡಿನ ನಾಲಗೆಯ ಮೇಲೆ ನಿಲ್ಲಿಸಿತು. ೨೦೦೬ರ ಡಿಸೆಂಬರಿನಲ್ಲಿ ತೆರೆಕಂಡ, ಯೋಗರಾಜ ಭಟ್ ನಿರ್ದೇಶನದ 'ಮುಂಗಾರು ಮಳೆ'ಯ ಒಂದು ಯುಗಳಗೀತೆಯು ಜೋಗದ ಪರಿಸರದಲ್ಲಿಯೇ ಚಿತ್ರಿತವಾಯಿತು. ಮೂರು ಬೇರೆ ಬೇರೆ ಕಾಲಗಳು, ಮೂರು ಬೇರೆ ಬೇರೆ ರೀತಿಗಳು. ಆದರೂ ಮೂರರಲ್ಲಿಯೂ ಜೋಗವು ನಿಸರ್ಗದ ವರವಾಗಿಯೇ ಇದೆ.

ಅದು ನಿಸರ್ಗದ ವರವೆಂಬುದರಲ್ಲಿ ಸಂದೇಹವಿಲ್ಲ. ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ ೨೫೩ ಮೀಟರು ಕೆಳಕ್ಕೆ ಧುಮುಕುವ ಶರಾವತಿಯನ್ನು ಮನುಷ್ಯನೇನೂ ಸೃಷ್ಟಿಸಲಿಲ್ಲ. ಆದರೆ ಇಂದು ಅಲ್ಲಿ ಎಷ್ಟು ನೀರು, ಯಾವಾಗ ಬೀಳಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಮೇಲ್ಭಾಗದ ಅಣೆಕಟ್ಟು. ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಮೊದಲು ಬಂದಿತು. ೧೯೪೮ರಲ್ಲಿ ಜೋಗದ ವಿದ್ಯುದಾಗಾರವು ಕೆಲಸ ಆರಂಭಿಸಿತು. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಅದರ ಹಿನ್ನೀರಿನಲ್ಲಿ ಹಳೆಯ ಅಣೆಕಟ್ಟೇ ಮುಳುಗಿಹೋಯಿತು. ಬೇಸಗೆಯಲ್ಲಿ ನೀರು ಇಳಿದಾಗ ಮಾತ್ರ ಅದು ತಲೆಯೆತ್ತುತ್ತದೆ. ೧,೦೩೫ ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವು ನಾಡಿನ ಬಹುಭಾಗಕ್ಕೆ ಬೆಳಕನ್ನಿತ್ತಿತು. ಮುಳುಗಿದ್ದು ಅಣೆಕಟ್ಟೊಂದೇ ಅಲ್ಲ. ಮನೆ, ಗದ್ದೆ, ತೋಟ, ದೇವಸ್ಥಾನ, ಶಾಲೆಗಳೂ ಮುಳುಗಿದವು. ಅಲ್ಲಿಯ ಜನರನ್ನು ಲಾರಿಗಳಲ್ಲಿ ತುಂಬಿ ಬೇರೆ ಬೇರೆ ಕಡೆಗಳಿಗೆ ಸಾಗಿಸಲಾಯಿತು. ಹೋದ ಕಡೆಯಲ್ಲಿ ಅವರು ಉತ್ತುಬಿತ್ತಿದ ಭೂಮಿಯ ಹಕ್ಕುಪತ್ರದ ಪ್ರಶ್ನೆ ದಶಕಗಳುದ್ದಕ್ಕೂ ಬಗೆಹರಿಯದೆ ಎಳೆಯುತ್ತ ಬಂದಿತು.

ಈ ಚರಿತ್ರೆಯ ಸುಳಿವು ಗೀತದೃಶ್ಯಗಳಲ್ಲಿ ಇಲ್ಲ. ಹಾಡಿನಲ್ಲಿ ಚರಿತ್ರೆಯ ಪಾಠ ಬೇಕೆಂದು ಯಾರೂ ಕೇಳುವುದಿಲ್ಲ. ಹಾಡಿನ ಕೆಲಸ ಅದಲ್ಲ. ಆದರೆ ಅದೇ ಬಿಂಬವು ನೂರಾರು ಸಲ ಪುನರಾವರ್ತನೆಯಾದಾಗ, ಜೋಗವೆಂದರೆ ಸೌಂದರ್ಯ ಮಾತ್ರ, ಶರಾವತಿಯೆಂದರೆ ಹರಿದು ಸಮುದ್ರಕ್ಕೆ ಸೇರುವ ನೀರು ಮಾತ್ರ ಎಂಬ ಭಾವನೆ ಗಟ್ಟಿಯಾಗುತ್ತದೆ. ೨೦೧೯ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ ಶಿವಮೊಗ್ಗ ಜಿಲ್ಲೆಯಲ್ಲಿ ತೀವ್ರವಾದ ಪ್ರತಿಭಟನೆ ನಡೆದು, ಜುಲೈ ತಿಂಗಳಿನಲ್ಲಿ ಬಂದ್ ಕೂಡ ಆಯಿತು. ಒಮ್ಮೆ ಬೆಳಕಿಗಾಗಿ ಮುಳುಗಿದವರ ನೆನಪು ಆ ಪ್ರತಿಭಟನೆಯ ಹಿಂದೆ ಇತ್ತು. ಆ ನೆನಪಿಲ್ಲದವರಿಗೆ ಅದು ಹಟಮಾರಿತನವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಅವರಿಗೆ ಪರಿಚಿತವಾದ ಶರಾವತಿಯು ಗೀತದೃಶ್ಯದ ಶರಾವತಿ.

೫. ಪ್ರವಾಸಿಯ ದೃಷ್ಟಿ

ಬಿಂಬವು ಯಾರ ಕಣ್ಣಿನಿಂದ ಕಂಡದ್ದು ಎಂಬುದು ಮುಂದಿನ ಪ್ರಶ್ನೆ. ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಜಾನ್ ಅರಿಯವರು ೧೯೯೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 'ಪ್ರವಾಸಿಯ ದೃಷ್ಟಿ' ಎಂಬ ಕಲ್ಪನೆಯನ್ನು ವಿವರಿಸಿದರು. ಪ್ರವಾಸಿಯು ಬರಿಗಣ್ಣಿನಿಂದ ನೋಡುವುದಿಲ್ಲ. ಮನೆಯಿಂದ ಹೊರಡುವ ಮೊದಲೇ ಚಿತ್ರಗಳಲ್ಲಿ ಕಂಡದ್ದನ್ನು ಹುಡುಕಿಕೊಂಡು ಹೋಗಿ, ಅದು ಸಿಕ್ಕಿದಾಗ ತೃಪ್ತನಾಗುತ್ತಾನೆ.

'ಮುಂಗಾರು ಮಳೆ'ಯ ನಾಯಕನು ಬೆಂಗಳೂರಿನವನು, ನಾಯಕಿಯಿರುವುದು ಮಡಿಕೇರಿಯಲ್ಲಿ. ನಗರದಿಂದ ಬಂದವನಿಗೆ ಮಳೆಯ ನಾಡಿನಲ್ಲಿ ಪ್ರೇಮ ಒದಗುತ್ತದೆ. ಅದೇ ನಿರ್ದೇಶಕರ 'ಗಾಳಿಪಟ' ೨೦೦೮ರಲ್ಲಿ ಬಂದಿತು. ಅದರಲ್ಲಿ ನಗರದ ಮೂವರು ಯುವಕರು 'ಮುಗಿಲುಪೇಟೆ' ಎಂಬ ಕಲ್ಪಿತ ಊರಿಗೆ ಹೋಗುತ್ತಾರೆ. ಎರಡರಲ್ಲಿಯೂ ಚಲನೆ ಒಂದೇ ದಿಕ್ಕಿನದು: ನಗರವು ಹೊರಡುತ್ತದೆ, ಮಲೆಯು ಕಾದಿರುತ್ತದೆ. ಈ ಚಿತ್ರಗಳ ಹಾಡುಗಳು ಕನ್ನಡ ಚಿತ್ರಗೀತೆಗೆ ಹೊಸ ಜೀವವನ್ನು ಕೊಟ್ಟವು. ಜಯಂತ ಕಾಯ್ಕಿಣಿಯವರಂಥ ಕವಿಗಳ ಮಾತಿನ ಮಾರ್ದವ, 'ಮುಂಗಾರು ಮಳೆ'ಯಲ್ಲಿ ಎಸ್. ಕೃಷ್ಣ ಅವರ ಛಾಯಾಗ್ರಹಣದ ಸೊಗಸು ನಿರ್ವಿವಾದ. ನಾವು ಇಲ್ಲಿ ಗುಣದೋಷಗಳ ಎಣಿಕೆಗೆ ಹೊರಟಿಲ್ಲ. ದೃಷ್ಟಿಯ ನೆಲೆಯನ್ನು ಗುರುತಿಸುತ್ತಿದ್ದೇವೆ.

ಈ ದೃಷ್ಟಿಯ ಪರಿಣಾಮಗಳು ಎರಡು. ಮೊದಲನೆಯದಾಗಿ, ಭೂಗೋಳವು ಕರಗುತ್ತದೆ. ಕಥೆ ನಡೆಯುವುದು ಕೊಡಗಿನಲ್ಲಿ, ಚಿತ್ರೀಕರಣ ಸಕಲೇಶಪುರದಲ್ಲಿಯೂ ಜೋಗದಲ್ಲಿಯೂ. ಎಲ್ಲವೂ ಸೇರಿ ಒಂದೇ ಹಸಿರಾಗುತ್ತದೆ. ಕೊಡಗು ೧೯೫೬ರವರೆಗೂ ಪ್ರತ್ಯೇಕ ರಾಜ್ಯವಾಗಿದ್ದು, ತನ್ನದೇ ಭಾಷೆ, ಭೂಹಿಡುವಳಿ, ಆಚಾರಗಳನ್ನುಳ್ಳ ನಾಡು. ಸಾಗರದ ಸೀಮೆಯ ಬಾಳು ಬೇರೆ, ಸಕಲೇಶಪುರದ ಕಾಫಿತೋಟದ ಬಾಳು ಬೇರೆ. ಶಿವಮೊಗ್ಗ ಜಿಲ್ಲೆಯೊಂದರಲ್ಲಿಯೇ ಎಷ್ಟು ಭೇದವಿದೆಯೆಂದರೆ, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ, ಶಿವಮೊಗ್ಗ ನಗರದಲ್ಲಿ ಬೀಳುವುದು ಅದರ ಒಂದು ಚಿಕ್ಕ ಪಾಲು. ಕಲ್ಪನೆಯ ಬಲವು ಭೂಗೋಳವನ್ನೂ ಮೀರುತ್ತದೆಂಬುದಕ್ಕೆ ಕೊಡಗಿನ ಮಾಂದಲಪಟ್ಟಿಯೇ ಸಾಕ್ಷಿ. ಚಿತ್ರದ ಮುಗಿಲುಪೇಟೆಯನ್ನು ಹುಡುಕಿಕೊಂಡು ಜನ ಅಲ್ಲಿಗೆ ಬರತೊಡಗಿ, ಆ ಬೆಟ್ಟಕ್ಕೆ ಚಿತ್ರದ ಹೆಸರೇ ಅಂಟಿಕೊಂಡಿತು.

ಎರಡನೆಯದಾಗಿ, ನೆಲಕ್ಕೂ ಹೆಣ್ಣಿಗೂ ಒಂದೇ ಸ್ಥಾನ ದೊರೆಯುತ್ತದೆ. ೧೯೭೫ರಲ್ಲಿ 'ಸ್ಕ್ರೀನ್' ಎಂಬ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಲಾರಾ ಮಲ್ವಿಯವರು, ಚಲನಚಿತ್ರದಲ್ಲಿ ನೋಡುವ ಪಾತ್ರ ಗಂಡಿನದು, ನೋಡಿಸಿಕೊಳ್ಳುವ ಪಾತ್ರ ಹೆಣ್ಣಿನದು ಎಂದು ತೋರಿಸಿದರು. ಗಂಡು ಕಥೆಯನ್ನು ಮುಂದೆ ಒಯ್ಯುತ್ತಾನೆ. ಹೆಣ್ಣು ಬಂದಾಗ ಕಥೆ ನಿಂತು ನೋಟ ಆರಂಭವಾಗುತ್ತದೆ. ಮಲೆನಾಡಿನ ಗೀತದೃಶ್ಯಗಳನ್ನು ಸಾಲಾಗಿ ಇಟ್ಟು ನೋಡಿದರೆ, ಜಲಪಾತವನ್ನೂ ನಾಯಕಿಯನ್ನೂ ಕ್ಯಾಮೆರಾ ಒಂದೇ ರೀತಿಯಲ್ಲಿ ಸಮೀಪಿಸುವುದು ಮತ್ತೆ ಮತ್ತೆ ಕಂಡುಬರುತ್ತದೆ: ಮೊದಲು ದೂರದಿಂದ, ಮಂಜಿನ ಮರೆಯಲ್ಲಿ, ಬಳಿಕ ಹತ್ತಿರದಿಂದ, ನಿಧಾನಗತಿಯಲ್ಲಿ. ಎರಡೂ 'ಕಂಡುಕೊಳ್ಳಬೇಕಾದ' ಚೆಲುವುಗಳು. ನಾಯಕಿಯು ಆ ನೆಲದಲ್ಲಿ ಹುಟ್ಟಿ ಬೆಳೆದವಳಾದರೂ ಅಡಕೆ ಸುಲಿಯುವುದನ್ನಾಗಲಿ, ದರಕು ಹೊರುವುದನ್ನಾಗಲಿ, ಮಳೆಗಾಲದ ಬಸ್ಸಿಗೆ ಕಾಯುವುದನ್ನಾಗಲಿ ನಾವು ಕಾಣುವುದು ವಿರಳ. ಹೆಣ್ಣು ಪ್ರೇಕ್ಷಕರೇ ನೋಡುವಾಗ ಏನಾಗುತ್ತದೆಂಬುದನ್ನು ಮಲ್ವಿಯವರು ಮೊದಲು ಸಾಕಷ್ಟು ವಿಚಾರಮಾಡಲಿಲ್ಲವೆಂಬ ಆಕ್ಷೇಪ ಆಮೇಲೆ ಬಂದಿತು, ಅದು ನ್ಯಾಯವಾದದ್ದೇ. ಆದರೆ ಅವರ ಮೂಲ ಪ್ರಶ್ನೆಯ ಹರಿತ ಇಂದಿಗೂ ಕಡಮೆಯಾಗಿಲ್ಲ.

೬. ಕಾಣದವರು

ಗೀತದೃಶ್ಯಗಳಲ್ಲಿ ದುಡಿಯುವವರು ಇಲ್ಲವೇ ಇಲ್ಲವೆನ್ನಲಾಗದು. ನಾಟಿ ಮಾಡುವ ಹೆಂಗಸರ ಸಾಲು ಎಷ್ಟೋ ಹಾಡುಗಳಲ್ಲಿ ಬರುತ್ತದೆ. ಆದರೆ ಅವರೆಲ್ಲರೂ ಒಂದೇ ಬಣ್ಣದ ಸೀರೆಯುಟ್ಟು ಒಂದೇ ತಾಳಕ್ಕೆ ಬಾಗಿ ಏಳುತ್ತಾರೆ. ಅವರಿಗೆ ಹೆಸರಿಲ್ಲ, ಹಾಡಿನಲ್ಲಿ ಸ್ವಂತದ ಸೊಲ್ಲೂ ಇಲ್ಲ. ಗದ್ದೆಯು ಯಾರದು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರದ ಪ್ರಶ್ನೆಯಿಂದ ಹೊತ್ತಿಕೊಂಡ ಆ ಚಳವಳಿಗೆ ಎಚ್. ಗಣಪತಿಯಪ್ಪನವರು ಮುಂದಾಳಾಗಿದ್ದರು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದ ಬಳಿಕ ಅದು ದೇಶದ ಗಮನವನ್ನು ಸೆಳೆಯಿತು. ೧೯೭೪ರ ಭೂಸುಧಾರಣೆಯ ವೇಳೆಗೆ ಗದ್ದೆಯ ಒಡೆತನದ ಪ್ರಶ್ನೆಗೆ ಬಂದ ಬಲದಲ್ಲಿ ಕಾಗೋಡಿನ ಪಾಲು ಅಲ್ಪವಲ್ಲ. ಇಂಥ ಗದ್ದೆಯು ಗೀತದೃಶ್ಯದಲ್ಲಿ ಹಸಿರು ಜಮಖಾನೆಯಾಗುತ್ತದೆ.

ಕಾಡಿನ ವಿಷಯವೂ ಹೀಗೆಯೇ. ಹಾಡಿನ ಕಾಡು ಏಕಾಂತದ ತಾಣ. ಮಲೆನಾಡಿನವರ ಕಾಡು ಸೌದೆ, ಸೊಪ್ಪು, ದನ, ಜೇನು, ಭಯ ಎಲ್ಲವೂ ಹೌದು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ೨೦೧೯ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಜೀವಗಳನ್ನು ಬಲಿತೆಗೆದುಕೊಂಡಿತು. ಕಾಡಿಗೆ ಹೋಗದೆ ಬದುಕು ಸಾಗದು, ಹೋದರೆ ಉಣ್ಣೆಯ ಭಯ ಎಂಬುದು ಅಲ್ಲಿಯವರ ಅನುಭವ.

ಕಾರ್ಖಾನೆಯಂತೂ ಈ ಚಿತ್ರದೊಳಗೆ ಬರುವುದೇ ಇಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ೧೯೩೦ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂದಿತು. ಮಲೆನಾಡಿನ ಮರವೇ ಇದ್ದಿಲಾಗಿ ಕಬ್ಬಿಣವನ್ನು ಕರಗಿಸಿತು. ಕಾಗದದ ಕಾರ್ಖಾನೆಯು ೨೦೧೦ರ ದಶಕದಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು; ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವು ೨೦೨೩ರಲ್ಲಿ ಪ್ರಕಟವಾದಾಗ ಕಾರ್ಮಿಕರು ಬೀದಿಗಿಳಿದರು. ನೂರು ವರ್ಷಗಳ ಈ ಕೈಗಾರಿಕಾ ಜೀವನವು ಜಿಲ್ಲೆಯ ಪ್ರಸಿದ್ಧ ಬಿಂಬದಲ್ಲಿ ಒಂದು ಹೊಗೆಯ ಗೆರೆಯಷ್ಟೂ ಉಳಿದಿಲ್ಲ.

೭. ಇನ್ನೊಂದು ಮಳೆ

ಬಿಂಬವು ಹೀಗೆಯೇ ಇರಬೇಕಾದ ಅನಿವಾರ್ಯತೆಯೇನೂ ಇಲ್ಲವೆಂಬುದನ್ನು ತೋರಿಸಲು, ಗೀತದೃಶ್ಯವಲ್ಲದಿದ್ದರೂ, ಒಂದು ಚಲನಚಿತ್ರವನ್ನು ಇಲ್ಲಿ ಹೋಲಿಕೆಗಾಗಿ ತೆಗೆದುಕೊಳ್ಳಬಹುದು. ಸಾಗರದ ಲೇಖಕ ನಾ. ಡಿಸೋಜ ಅವರು ಮುಳುಗಡೆಯ ಬಾಳನ್ನು ಕುರಿತು 'ಮುಳುಗಡೆ', 'ದ್ವೀಪ' ಮೊದಲಾದ ಕಾದಂಬರಿಗಳನ್ನು ಬರೆದರು. 'ದ್ವೀಪ'ವನ್ನು ತೀರ್ಥಹಳ್ಳಿ ತಾಲ್ಲೂಕಿನವರಾದ ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು. ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿ ಅದಕ್ಕೆ ದೊರೆಯಿತು. ಅಲ್ಲಿಯೂ ಮಳೆಯಿದೆ, ಹಸಿರಿದೆ, ನೀರಿದೆ. ಆದರೆ ಮಳೆ ಬಂದರೆ ನೀರು ಏರುತ್ತದೆ. ನೀರು ಏರಿದರೆ ಅಂಗಳ ಹೋಗುತ್ತದೆ. ನಾಗಿ ಎಂಬ ಹೆಂಗಸು ಅಲ್ಲಿ ಯಾರದೋ ನೋಟದ ವಸ್ತುವಾಗಿ ನಿಲ್ಲದೆ, ನೀರಿನ ನಡುವೆ ಮನೆಯನ್ನು ಉಳಿಸಿಕೊಳ್ಳಲು ಹೆಣಗುತ್ತಾಳೆ. ಮುಂಗಾರು ಎರಡು ಕಡೆಯೂ ಒಂದೇ. ನಿಂತು ನೋಡುವ ನೆಲ ಬೇರೆ. ಬಂದು ಹೋಗುವವನಿಗೆ ಮಳೆಯೊಂದು ಅನುಭವ, ಅಲ್ಲಿಯೇ ಇರುವವಳಿಗೆ ಅದೊಂದು ಲೆಕ್ಕಾಚಾರ.

ಲಾಂಚಿನ ಉದಾಹರಣೆಯೂ ಇದನ್ನೇ ಹೇಳುತ್ತದೆ. ಹಿನ್ನೀರಿನಿಂದಾಗಿ ದ್ವೀಪದಂತಾದ ತುಮರಿಯ ಸೀಮೆಗೂ ಸಿಗಂದೂರಿಗೂ ಸಾಗರದ ಕಡೆಯಿಂದ ಹೋಗಲು ಆರು ದಶಕಗಳ ಕಾಲ ಲಾಂಚೇ ಗತಿಯಾಗಿತ್ತು. ಪ್ರವಾಸಿಗೆ ಅದು ಚಿತ್ರ ತೆಗೆದುಕೊಳ್ಳುವ ವಿಹಾರ. ಹೆರಿಗೆಯ ನೋವಿನ ಹೆಂಗಸಿಗೂ, ಸಂಜೆಯ ಕೊನೆಯ ಲಾಂಚನ್ನು ತಪ್ಪಿಸಿಕೊಂಡ ವಿದ್ಯಾರ್ಥಿಗೂ ಅದು ಬೇರೆಯೇ ಆಗಿತ್ತು. ೨೦೨೫ರ ಜುಲೈ ತಿಂಗಳಿನಲ್ಲಿ ಹಿನ್ನೀರಿನ ಮೇಲೆ ಸೇತುವೆಯ ಉದ್ಘಾಟನೆಯಾಯಿತು. ಲಾಂಚಿನ ಸೊಗಸು ಹೋಯಿತೆಂದು ಯಾರಾದರೂ ಹಳಹಳಿಸಿದರೆ, ಅದು ಯಾರ ಸೊಗಸಾಗಿತ್ತೆಂದು ಕೇಳುವುದು ಚರಿತ್ರೆಯ ವಿದ್ಯಾರ್ಥಿಯ ಕರ್ತವ್ಯ.

೮. ನೋಡುವವರ ಪಾಲು

ಇಷ್ಟನ್ನೂ ಹೇಳಿದ ಮೇಲೆ, ಪ್ರೇಕ್ಷಕನನ್ನು ತೋರಿಸಿದ್ದನ್ನೆಲ್ಲ ನುಂಗುವ ಮುಗ್ಧನೆಂದು ಭಾವಿಸುವುದು ಸರಿಯಲ್ಲ. ಸ್ಟುವರ್ಟ್ ಹಾಲ್ ೧೯೭೩ರ ತಮ್ಮ ಪ್ರಬಂಧದಲ್ಲಿ ಪ್ರೇಕ್ಷಕನು ನಿಲ್ಲಬಹುದಾದ ಮೂರು ನೆಲೆಗಳನ್ನು ವಿಂಗಡ ಮಾಡಿದರು. ಕೃತಿಯು ಇಚ್ಛಿಸಿದ ಅರ್ಥವನ್ನೇ ಸ್ವೀಕರಿಸುವುದು ಒಂದು. ಸಾಮಾನ್ಯವಾಗಿ ಒಪ್ಪಿಕೊಂಡು ತನ್ನ ಅನುಭವಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳುವುದು ಎರಡು. ಅರ್ಥವನ್ನು ಅರಿತೂ ನಿರಾಕರಿಸುವುದು ಮೂರು.

ಜೋಗದ ಒಂದು ಗೀತದೃಶ್ಯವನ್ನು ಮೂವರು ನೋಡುತ್ತಿದ್ದಾರೆಂದು ಭಾವಿಸೋಣ. ಬೆಂಗಳೂರಿನ ಉದ್ಯೋಗಿಯು ಅದನ್ನು ನೋಡಿ ವಾರಾಂತ್ಯದ ಪ್ರಯಾಣಕ್ಕೆ ಸಿದ್ಧನಾಗುತ್ತಾನೆ. ಇದು ಮೊದಲನೆಯ ನೆಲೆ. ಹೊಸನಗರದಿಂದ ಬಂದು ದುರ್ಗಿಗುಡಿಯ ಬಾಡಿಗೆ ಕೋಣೆಯಲ್ಲಿದ್ದು ಓದುತ್ತಿರುವ ವಿದ್ಯಾರ್ಥಿನಿಯು ಅದೇ ಹಾಡನ್ನು ನೋಡಿ ಹೆಮ್ಮೆಪಡುತ್ತಾಳೆ, ಜೊತೆಗೆ 'ನಮ್ಮ ಕಡೆ ಹೀಗೆ ಯಾರೂ ಕುಣಿಯುವುದಿಲ್ಲ' ಎಂದು ನಗುತ್ತಾಳೆ, ಇದು ಎರಡನೆಯದು. ಮುಳುಗಡೆಯಾದ ಊರಿನ ಹಿರಿಯರು ನೀರನ್ನು ಕಂಡೊಡನೆ ಮುಖ ತಿರುಗಿಸಬಹುದು, ಇದು ಮೂರನೆಯದು. ಎರಡನೆಯ ನೆಲೆಯೇ ನಮ್ಮ ತರಗತಿಗಳಲ್ಲಿ ಹೆಚ್ಚಿನದು, ಹೆಚ್ಚು ಫಲವತ್ತಾದದ್ದು. ಆ ವಿದ್ಯಾರ್ಥಿನಿಯ ಹೆಮ್ಮೆಯೂ ನಿಜ, ನಗುವೂ ನಿಜ. ಹೆಮ್ಮೆಯನ್ನು ಕಸಿದುಕೊಳ್ಳದೆ ಆ ನಗುವಿಗೆ ಕಾರಣವನ್ನು ಒದಗಿಸುವುದು ಅಧ್ಯಾಪಕರ ಕೆಲಸ.

ನೋಡಿಸಿಕೊಳ್ಳುತ್ತಿದ್ದವರೇ ಕ್ಯಾಮೆರಾ ಹಿಡಿದಾಗ ಏನಾಗುತ್ತದೆಂಬುದಕ್ಕೆ ಉತ್ತರ ಕರ್ನಾಟಕವನ್ನು ನೋಡಬೇಕು. ನಮ್ಮ ಚಲನಚಿತ್ರಗಳಲ್ಲಿ ಆ ಸೀಮೆಯ ನುಡಿಯು ಬಹುಕಾಲ ಹಾಸ್ಯಪಾತ್ರಕ್ಕೆ ಮೀಸಲಾಗಿತ್ತು. ಈಚಿನ ವರ್ಷಗಳಲ್ಲಿ ಅಲ್ಲಿಯ ಯುವ ಗಾಯಕರು ತಮ್ಮ ನುಡಿಯಲ್ಲಿಯೇ ಹಾಡು ಕಟ್ಟಿ, ಟ್ರ್ಯಾಕ್ಟರು, ಡ್ರೈವರು, ಜಾತ್ರೆ, ಕಬ್ಬಿನ ಗದ್ದೆಗಳ ನಡುವೆ ತಾವೇ ಚಿತ್ರಿಸಿ, ಯೂಟ್ಯೂಬಿನಲ್ಲಿ ದೊಡ್ಡ ಪ್ರೇಕ್ಷಕವರ್ಗವನ್ನು ಪಡೆದಿದ್ದಾರೆ. ಅಲ್ಲಿ ದುಡಿಮೆಯು ಹಿನ್ನೆಲೆಗೆ ಸರಿಯದೆ ನಾಯಕನ ಗುರುತೇ ಆಗಿದೆ. ಆದರೆ ಅದೇ ಹಾಡುಗಳಲ್ಲಿ ಹೆಣ್ಣಿನ ಚಿತ್ರಣವು ಎಷ್ಟೋ ವೇಳೆ ಹಳೆಯ ಪಡಿಯಚ್ಚಿನದೇ ಆಗಿರುತ್ತದೆ. ಸೀಮೆಯ ಪಡಿಯಚ್ಚನ್ನು ಒಡೆದವರು ಹೆಣ್ಣಿನ ಪಡಿಯಚ್ಚನ್ನು ಒಡೆದೇ ತೀರುವರೆಂಬ ಭರವಸೆಯಿಲ್ಲ. ಒಂದೊಂದು ಫಲಕವನ್ನೂ ಬೇರೆ ಬೇರೆಯಾಗಿಯೇ ಕರಗಿಸಬೇಕಾಗುತ್ತದೆ.

೯. ಅಭ್ಯಾಸದ ಕ್ರಮ

ಗೀತದೃಶ್ಯವೊಂದನ್ನು ತರಗತಿಯಲ್ಲಿ ಪರಿಶೀಲಿಸಲು ಬಯಸುವವರಿಗೆ ಕೆಳಗಿನ ಕ್ರಮವು ಉಪಯುಕ್ತವಾಗಬಹುದು.

ಮೊದಲು ಹಾಡನ್ನು ದೃಶ್ಯವಿಲ್ಲದೆ ಕೇಳಬೇಕು. ಆಮೇಲೆ ದೃಶ್ಯವನ್ನು ಧ್ವನಿಯಿಲ್ಲದೆ ನೋಡಬೇಕು. ಕೊನೆಗೆ ಎರಡನ್ನೂ ಕೂಡಿಸಬೇಕು. ಆಂಡ್ರ್ಯೂ ಗುಡ್ವಿನ್ ೧೯೯೨ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಹಾಡಿಗೂ ದೃಶ್ಯಕ್ಕೂ ಇರುವ ಸಂಬಂಧವನ್ನು ಮೂರಾಗಿ ವಿಂಗಡಿಸಿದ್ದಾರೆ: ಹಾಡಿನ ಮಾತನ್ನೇ ದೃಶ್ಯವು ತೋರಿಸುವುದು, ಮಾತಿನಲ್ಲಿಲ್ಲದ ಅರ್ಥವನ್ನು ಸೇರಿಸಿ ಹಿಗ್ಗಿಸುವುದು, ಮಾತಿಗೆ ಸಂಬಂಧವೇ ಇಲ್ಲದಿರುವುದು ಅಥವಾ ವಿರುದ್ಧವಾಗಿರುವುದು. ಪಡಿಯಚ್ಚು ಹಾಡಿನ ಮಾತಿನಲ್ಲಿದೆಯೋ, ದೃಶ್ಯದಲ್ಲಿ ಸೇರಿಕೊಂಡಿದೆಯೋ ಎಂಬುದು ಈ ವಿಂಗಡಣೆಯಿಂದ ಸ್ಪಷ್ಟವಾಗುತ್ತದೆ. ಕವಿಯ ಮಾತು ನಿರ್ದೋಷವಾಗಿದ್ದು, ಚಿತ್ರಿಸಿದವರ ಕಣ್ಣು ಅದಕ್ಕೆ ಅಚ್ಚು ಹಾಕಿರುವುದು ಎಷ್ಟೋ ಸಲ ಕಂಡುಬರುತ್ತದೆ.

ಅನಂತರ ಐದು ಪ್ರಶ್ನೆಗಳನ್ನು ಕೇಳಬೇಕು. ಯಾರಿಗೆ ಹೆಸರಿದೆ, ಯಾರು ಗುಂಪಾಗಿ ಮಾತ್ರ ಬರುತ್ತಾರೆ? ಯಾರು ನೋಡುತ್ತಾರೆ, ಯಾರು ನೋಡಿಸಿಕೊಳ್ಳುತ್ತಾರೆ? ಆ ಸ್ಥಳದಲ್ಲಿ ನಡೆಯುವ ಕೆಲಸವು ಕಾಣುತ್ತದೆಯೆ? ಯಾವ ಋತು ಕಾಣುತ್ತದೆ, ಯಾವುದು ಕಾಣುವುದಿಲ್ಲ? ಈ ನೆಲದ ಚರಿತ್ರೆಯಲ್ಲಿ ದೃಶ್ಯವು ಬಿಟ್ಟಿರುವುದು ಏನು? ಕೊನೆಯ ಪ್ರಶ್ನೆಗೆ ಉತ್ತರವು ದೃಶ್ಯದೊಳಗೆ ದೊರೆಯುವುದಿಲ್ಲ. ಅದಕ್ಕಾಗಿ ಗ್ಯಾಸೆಟಿಯರನ್ನು ತೆರೆಯಬೇಕು, ಹಳೆಯ ಪತ್ರಿಕೆಗಳನ್ನು ನೋಡಬೇಕು, ಊರಿನ ಹಿರಿಯರನ್ನು ಮಾತನಾಡಿಸಬೇಕು. ಮಾಧ್ಯಮಶಾಸ್ತ್ರವು ಇಲ್ಲಿಗೆ ಬಂದು ಚರಿತ್ರೆಯ ಕೈಯನ್ನು ಹಿಡಿಯುತ್ತದೆ.

೧೦. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ತೀರ್ಮಾನ ಇಷ್ಟು. ಗೀತದೃಶ್ಯಗಳು ಮಲೆನಾಡನ್ನು ಕುರಿತು ಸುಳ್ಳು ಹೇಳುತ್ತವೆಂಬುದು ನಮ್ಮ ದೂರಲ್ಲ. ಮಳೆ ನಿಜ, ಹಸಿರು ನಿಜ, ಜಲಪಾತದ ಚೆಲುವೂ ನಿಜ. ಅವು ಹೇಳುವ ನಿಜವು ಬಂದು ಹೋಗುವವನ ನಿಜ ಎಂಬುದಷ್ಟೇ ನಮ್ಮ ಮಾತು. ಅದೊಂದೇ ನಿಜವಾಗಿ ಉಳಿದಾಗ, ಮನುಷ್ಯರು ಕಟ್ಟಿದ್ದೂ ಕಳೆದುಕೊಂಡದ್ದೂ ಪ್ರಕೃತಿಯ ಲೀಲೆಯಾಗಿ ಕಾಣುತ್ತದೆ. ಜನರಿಲ್ಲದ ನೆಲವಾಗಿ ಕಂಡ ನೆಲದ ಮೇಲೆ ಯಾವ ಯೋಜನೆಯನ್ನು ಹೇರುವುದೂ ಸುಲಭ. ಅಲ್ಲಿ ಜನ ಇದ್ದಾರೆಂದು ಆಮೇಲೆ ಸಿದ್ಧಪಡಿಸಬೇಕಾದ ಹೊಣೆ ಆ ಜನರ ಮೇಲೆಯೇ ಬೀಳುತ್ತದೆ. ಹಕ್ಕುಪತ್ರಕ್ಕಾಗಿ ಅಲೆಯುವವರ ಕಷ್ಟಕ್ಕೆ ಹಾಡುಗಳು ಕಾರಣವಲ್ಲ. ಆದರೆ ಅವರ ಕಷ್ಟವು ನಾಡಿನ ಕಣ್ಣಿಗೆ ಬೀಳದಿರುವುದಕ್ಕೆ ನಾಡು ದಿನವೂ ನೋಡುವ ಬಿಂಬಗಳು ಸ್ವಲ್ಪಮಟ್ಟಿಗಾದರೂ ಕಾರಣ.

ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಈ ಗೀತದೃಶ್ಯಗಳ ನೆಲದಿಂದಲೇ ಬಂದವರು. ತಮ್ಮ ಅಜ್ಜ ಅಜ್ಜಿಯರು ಯಾವ ಊರಿನಿಂದ ಎದ್ದು ಬಂದರು, ಆ ಊರು ಈಗ ಎಷ್ಟು ಆಳದ ನೀರಿನಲ್ಲಿದೆ, ಅಲ್ಲಿ ಯಾವ ಹಾಡನ್ನು ಹಾಡುತ್ತಿದ್ದರು ಎಂಬುದನ್ನು ಅವರು ಕೇಳಿ ಬರೆದಿಟ್ಟರೆ, ಅಂಥ ಒಂದೊಂದು ಬರಹವೂ ಗೀತದೃಶ್ಯವು ಬಿಟ್ಟ ಜಾಗದಲ್ಲಿ ಒಂದು ಸಾಲನ್ನು ತುಂಬುತ್ತದೆ. ಕೇಳಿ ಹೇಳಬಲ್ಲ ಹಿರಿಯರು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಆದಕಾರಣ ಈ ಕೆಲಸವನ್ನು ಮುಂದಕ್ಕೆ ಹಾಕುವಂತಿಲ್ಲ.